ತಿರುಗಿಸಿ ನೋಡಿ, ದಾರದ ತುದಿ ಎಲ್ಲಿದೆ?

ಕ್ರೋಶಾ ಈಗ ನಮ್ಮ ಕ್ಯಾಂಪಸ್ಸಿನ ಹೊಸ ಹುಚ್ಚು. ಫೆಸ್ಟ್ ಬಂತು ಅಂದ್ರೆ ನಾಲ್ಕು ಸ್ಟಾಲಲ್ಲಿ ಒಂದು ಕ್ರೋಶಾ ಸ್ಟಾಲ್ ಗ್ಯಾರಂಟಿ. ಸೂರ್ಯಕಾಂತಿ ಹೂವು, ಕಪ್ಪೆ ಕೀಚೈನು, ಟೋಟ್ ಬ್ಯಾಗು, ಇಯರ್‌ಬಡ್ಸ್ ಹಾಕೋ ಪುಟ್ಟ ಚೀಲ. ಲೆಕ್ಚರ್ ನಡೀತಿರುವಾಗ ಕೊನೇ ಬೆಂಚಲ್ಲಿ ಡೆಸ್ಕಿನ ಕೆಳಗೆ ಕಡ್ಡಿ ಆಡಿಸುವವರೂ ಇದ್ದಾರೆ, ಹೆಸರು ಹೇಳಲ್ಲ. ಅಜ್ಜಿಯರ ಕಾಲಕ್ಕೆ ಟಿವಿ ಮೇಲಿನ ಹೊದಿಕೆ, ಬಾಗಿಲ ತೋರಣದ ಜೊತೆಗೇ ಮುಗಿದು ಹೋಯ್ತು ಅಂದುಕೊಂಡಿದ್ದ ವಿದ್ಯೆ ಮೊಮ್ಮಕ್ಕಳ ಕೈಗೆ ಬಂದಿದೆ. ಇದರಲ್ಲಿ ಹುಡುಗರೂ ಸೇರಿದ್ದಾರೆ ಅನ್ನೋದು ಇನ್ನೂ ಖುಷಿ.

ಖುಷಿ ಇದ್ದಲ್ಲೇ ನನ್ನದೊಂದು ತಕರಾರೂ ಇದೆ. ಸ್ಟಾಲಿನಲ್ಲಿ ಇಟ್ಟಿರೋ ಯಾವುದಾದರೂ ವಸ್ತುವನ್ನು ಕೈಗೆ ತಗೊಳ್ಳಿ. ಮುಂಭಾಗ ನೋಡಿ ಮೆಚ್ಚಿಕೊಳ್ಳಿ, ಆಮೇಲೆ ತಿರುಗಿಸಿ. ಹಿಂದೆ ದಾರದ ತುದಿಗಳು ಜೋತು ಬಿದ್ದಿರುತ್ತವೆ, ಇಲ್ಲವೇ ಒಂದು ಗಂಟು ಹಾಕಿ ಬುಡಕ್ಕೆ ಕತ್ತರಿ ಆಡಿಸಿರುತ್ತಾರೆ, ಇಲ್ಲವೇ ಒಂದು ಹನಿ ಫೆವಿಕ್ವಿಕ್ ಒಣಗಿ ಕಲ್ಲಾಗಿ ಕೂತಿರುತ್ತದೆ. ಮೇಲೆಲ್ಲಾ ತಳುಕು, ಒಳಗೆಲ್ಲಾ ಹುಳುಕು ಅನ್ನೋ ಗಾದೆ ಇದಕ್ಕೇ ಮಾಡಿದಂತಿದೆ.

ನನ್ನ ವಾದ ಇಷ್ಟೇ. ಕ್ರೋಶಾದಲ್ಲಿ ದಾರದ ತುದಿಯನ್ನು ಭದ್ರ ಮಾಡೋದು ಕೊನೆಗೆ ಟೈಮ್ ಉಳಿದರೆ ಮಾಡುವ ಅಲಂಕಾರ ಅಲ್ಲ. ವಸ್ತುವಿನ ಆಯಸ್ಸು ಅದರ ಮೇಲೆ ನಿಂತಿದೆ. ಹಾಗಾಗಿ ಮಾಡುವವರು ಅದಕ್ಕೆ ಸಮಯ ಕೊಡಬೇಕು, ಕೊಳ್ಳುವವರು ಅದಕ್ಕೆ ದುಡ್ಡು ಕೊಡಬೇಕು.

ಬಿಚ್ಚಿಕೊಳ್ಳೋದು ಎಲ್ಲಿಂದ?

ಕ್ರೋಶಾ ಅಂದ್ರೆ ಕುಣಿಕೆಯೊಳಗೆ ಕುಣಿಕೆ. ನೇಯ್ಗೆಯಲ್ಲಿ ಇರುವಂತೆ ಹಾಸು, ಹೊಕ್ಕು ಅನ್ನೋ ಎರಡು ಎಳೆ ಇಲ್ಲಿಲ್ಲ. ಇರೋದು ಒಂದೇ ಎಳೆ, ಒಂದೇ ಕಡ್ಡಿ, ಯಾವ ಕ್ಷಣಕ್ಕೂ ಕಡ್ಡಿಯ ಮೇಲೆ ಬಹುಮಟ್ಟಿಗೆ ಒಂದೇ ಜೀವಂತ ಕುಣಿಕೆ. ಪ್ರತಿ ಕುಣಿಕೆಯೂ ಹಿಂದಿನದನ್ನು ಹಿಡಿದುಕೊಂಡಿದೆ. ಕೊನೆಯ ಕುಣಿಕೆಯನ್ನು ಹಿಡಿಯೋಕೆ ಮಾತ್ರ ಮುಂದೆ ಯಾರೂ ಇಲ್ಲ. ಅದಕ್ಕೇ ಕೊನೆಯಲ್ಲಿ ದಾರ ಕತ್ತರಿಸಿ ಅದರ ತುದಿಯನ್ನೇ ಆ ಕುಣಿಕೆಯೊಳಗೆ ಎಳೆದು ಬಿಗಿ ಮಾಡ್ತೀವಿ. ಆ ತುದಿ ಜಾರಿ ಹೊರಗೆ ಬಂದರೆ ಇಡೀ ಕೆಲಸ ಹಿಂದು ಮುಂದಾಗಿ ಸರಸರ ಬಿಚ್ಚಿಕೊಳ್ಳುತ್ತದೆ. ಮೂರು ವಾರ ಹಾಕಿದ್ದು ಮೂರು ನಿಮಿಷಕ್ಕೆ ದಾರದ ರಾಶಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಶುರುವಿನ ತುದಿ ಇಷ್ಟು ಅಪಾಯಕಾರಿ ಅಲ್ಲ. ಚೈನ್ ಹಾಕಿ ಶುರು ಮಾಡಿದ್ದರೆ ಆ ಕಡೆಯಿಂದ ಎಳೆದರೂ ಸಾಲು ಸಾಲಾಗಿ ಬಿಚ್ಚೋದಿಲ್ಲ. ಆದರೆ ಹೂವು, ಬೊಂಬೆ, ಟೋಪಿಗಳನ್ನು ನಡುವಿನಿಂದ ಸುತ್ತಿಕೊಂಡು ಹೋಗುವಾಗ ಶುರುವಿಗೆ ಹಾಕ್ತೀವಲ್ಲ, ಎಳೆದರೆ ಬಿಗಿಯಾಗುವ ಮ್ಯಾಜಿಕ್ ರಿಂಗು, ಅದರ ಕಥೆ ಬೇರೆ. ತುದಿ ಎಳೆದರೆ ಮುಚ್ಚುವ ಉಂಗುರ, ತುದಿ ಸಡಿಲಾದರೆ ತೆರೆದುಕೊಳ್ಳುತ್ತದೆ. ನಾಲ್ಕು ಸಲ ಒಗೆದ ಮೇಲೆ ಸೂರ್ಯಕಾಂತಿಯ ನಡುವೆ ತೂತು ಕಾಣಿಸಿಕೊಂಡರೆ ಕಾರಣ ಅದೇ.

ಗಂಟು ಹಾಕಿದ್ರೆ ಆಯ್ತಲ್ಲ ಅಂತ ಕೇಳ್ತೀರಿ. ಗಂಟು ಇರಲಿ, ತಪ್ಪಿಲ್ಲ. ಆದರೆ ಗಂಟೊಂದನ್ನೇ ನಂಬೋದು ತಪ್ಪು. ನಾವು ಫ್ಯಾನ್ಸಿ ಸ್ಟೋರಿನಲ್ಲಿ 'ಉಲ್ಲನ್' ಅಂತ ಕೇಳಿ ತರುವ ದಾರದ ಲೇಬಲ್ ಓದಿ ನೋಡಿ. ಬಹಳಷ್ಟು ಸಲ ಅದರಲ್ಲಿ ಉಣ್ಣೆಯೇ ಇರಲ್ಲ, ಪೂರ್ತಿ ಅಕ್ರಿಲಿಕ್. ನುಣುಪು ಎಳೆ, ಜೊತೆಗೆ ಎಳೆದರೆ ಹಿಗ್ಗುವ ಗುಣ. ಬುಡಕ್ಕೆ ಕತ್ತರಿಸಿದ ಗಂಟು ಒಗೆತದಲ್ಲಿ, ಎಳೆದಾಟದಲ್ಲಿ ಮೆಲ್ಲಗೆ ಸಡಿಲಾಗಿ ಒಂದು ದಿನ ಪುಳಕ್ ಅಂತ ಬಿಚ್ಚಿಕೊಳ್ಳುತ್ತದೆ. ಬಿಚ್ಚದೇ ಉಳಿದರೂ ಚರ್ಮಕ್ಕೆ ಚುಚ್ಚುತ್ತಾ ಇರುತ್ತದೆ. ಅಂಟಿನ ಕಥೆಯೂ ಅಷ್ಟೇ. ಒಣಗಿದ ಜಾಗ ಗಟ್ಟಿ, ಪಕ್ಕದ್ದು ಮೆತ್ತಗೆ, ಆ ಎರಡರ ಗಡಿಯಲ್ಲೇ ಎಳೆ ಸವೆಯೋದು.

ಮೊದಲ ವರ್ಷದ ಮೆಕ್ಯಾನಿಕ್ಸ್ ನೆನಪಿದೆಯಾ?

ಹಾಗಾದರೆ ಏನು ಹಿಡಿಯುತ್ತೆ? ಘರ್ಷಣೆ. ಎಂಜಿನಿಯರಿಂಗ್ ಮೆಕ್ಯಾನಿಕ್ಸ್‌ನಲ್ಲಿ ಬೆಲ್ಟ್ ಫ್ರಿಕ್ಷನ್ ಅಂತ ಒಂದು ಭಾಗ ಇತ್ತು, ಪರೀಕ್ಷೆ ಮುಗಿದ ಮರುದಿನ ಎಲ್ಲರೂ ಮರೆತಿದ್ದು. ಕಂಬಕ್ಕೆ ಹಗ್ಗ ಸುತ್ತಿದಾಗ ಒಂದು ಬದಿಯ ಎಳೆತಕ್ಕೂ ಇನ್ನೊಂದು ಬದಿಯ ಎಳೆತಕ್ಕೂ ಇರುವ ಅನುಪಾತ, ಘರ್ಷಣೆಯ ಗುಣಾಂಕ ಮತ್ತು ಸುತ್ತಿದ ಕೋನ ಇವೆರಡರ ಗುಣಲಬ್ಧದ ಘಾತಕ್ಕೆ ಏರುತ್ತದೆ. ಗುಣಾಂಕ 0.3 ಅಂತಿಟ್ಟುಕೊಳ್ಳಿ. ದಾರ ಒಮ್ಮೆ ಹಿಂತಿರುಗಿದರೆ, ಅಂದರೆ ಅರ್ಧ ಸುತ್ತು ಬಂದರೆ, ಅನುಪಾತ ಸುಮಾರು 2.6. ಮೂರು ಸಲ ಹಿಂತಿರುಗಿದರೆ ಸುಮಾರು 17. ತಿರುವು ಆದದ್ದು ಮೂರು ಪಟ್ಟು, ಹಿಡಿತ ಆದದ್ದು ಆರೂವರೆ ಪಟ್ಟು. ಮೆತ್ತನೆಯ ದಾರ ಕಬ್ಬಿಣದ ಕಂಬ ಅಲ್ಲ, ಲೆಕ್ಕ ಪಕ್ಕಾ ಹೀಗೇ ಬರಲ್ಲ, ಒಪ್ಪಿದೆ. ಆದರೆ ದಿಕ್ಕು ಇದೇ. ತುದಿಯನ್ನು ನೆಟ್ಟಗೆ ಹತ್ತು ಸೆಂಟಿಮೀಟರ್ ತೂರಿಸೋದಕ್ಕಿಂತ ಮೂರು ಸಲ ದಿಕ್ಕು ಬದಲಿಸಿ ತೂರಿಸೋದು ಎಷ್ಟೋ ಗಟ್ಟಿ.

ಕಸುಬು ಬಲ್ಲವರು ಸೂತ್ರ ಓದದೆಯೇ ಇದನ್ನು ಮಾಡ್ತಾ ಬಂದಿದ್ದಾರೆ. ಕತ್ತರಿಸುವಾಗ ಕನಿಷ್ಠ 15 ಸೆಂಟಿಮೀಟರ್ ತುದಿ ಬಿಡಬೇಕು, ಅಂದರೆ ಸುಮಾರು ಮುಕ್ಕಾಲು ಗೇಣು. ಜಿಪುಣತನ ಮಾಡಿ ಎರಡು ಇಂಚು ಬಿಟ್ಟರೆ ಸೂಜಿಗೆ ಪೋಣಿಸೋಕೂ ಆಗಲ್ಲ. ಮೊಂಡು ತುದಿಯ, ದೊಡ್ಡ ಕಣ್ಣಿನ ಸೂಜಿಗೆ ಪೋಣಿಸಿ ಅದೇ ಬಣ್ಣದ ಹೊಲಿಗೆಗಳ ಒಳಗೆ ನಾಲ್ಕೈದು ಸೆಂಟಿಮೀಟರ್ ತೂರಿಸಬೇಕು. ಒಂದು ಎಳೆ ದಾಟಿ ವಾಪಸ್ ಬರಬೇಕು. ದಾಟಲಿಲ್ಲ ಅಂದ್ರೆ ಹೋದ ದಾರಿಯಲ್ಲೇ ತುದಿ ಹೊರಗೆ ಬಂದುಬಿಡುತ್ತೆ. ಮೂರನೇ ಸಲ ಬೇರೆ ಸಾಲಿನಲ್ಲಿ, ಸಾಧ್ಯವಾದರೆ ಅಡ್ಡಕ್ಕೆ. ಆಮೇಲೆ ಬಟ್ಟೆಯನ್ನು ಎರಡೂ ಕೈಲಿ ಹಿಡಿದು ನಾಲ್ಕು ದಿಕ್ಕಿಗೂ ಎಳೆದು ನೋಡಬೇಕು. ಬಟ್ಟೆ ಹಿಗ್ಗಿದಾಗ ತುದಿ ತನಗೆ ಬೇಕಾದಷ್ಟು ಒಳಗೆ ಸರಿದುಕೊಳ್ಳುತ್ತದೆ. ಉಳಿದದ್ದಕ್ಕೆ ಕತ್ತರಿ ಹಾಕೋದು ಅದಾದ ಮೇಲೆ.

ದಾರದಿಂದ ದಾರಕ್ಕೆ ನಿಯಮ ಬದಲಾಗುತ್ತದೆ. ನಿಜವಾದ ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮ ಹೊರಪೊರೆಗಳಿವೆ, ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮೆಷಿನ್ ವಾಶ್‌ಗೆಂದು ಸಂಸ್ಕರಿಸದ ಉಣ್ಣೆಯಾದರೆ ಎರಡು ತುದಿಗಳನ್ನು ಒದ್ದೆ ಮಾಡಿ ಅಂಗೈಯಲ್ಲಿ ಉಜ್ಜಿದರೆ ಸಾಕು, ಒಂದೇ ದಾರವಾಗುತ್ತವೆ, ಗಂಟೇ ಬೇಡ. ಅಕ್ರಿಲಿಕ್, ಹತ್ತಿಗೆ ಈ ಉಪಾಯ ನಡೆಯಲ್ಲ. ಹೊಳಪಿನ ಮರ್ಸರೈಸ್ಡ್ ಹತ್ತಿ ಎಲ್ಲಕ್ಕಿಂತ ಜಾರು, ಅದಕ್ಕೆ ಇನ್ನೂ ಉದ್ದ ತುದಿ ಬೇಕು. ನೈಲಾನ್ ದಾರದ ಬ್ಯಾಗಿಗೆ ಊದುಬತ್ತಿ ತಾಗಿಸಿ ತುದಿ ಕರಗಿಸ್ತಾರಲ್ಲ, ನೈಲಾನಿಗೆ ಅದು ಸರಿ. ಅದನ್ನೇ ನೋಡಿಕೊಂಡು ಹತ್ತಿ ದಾರಕ್ಕೆ ಬೆಂಕಿ ತೋರಿಸಿದರೆ ಕರಗಲ್ಲ, ಉರಿಯುತ್ತೆ. ಬೊಂಬೆಗಳಿಗೆ ಮಾತ್ರ ಸ್ವಲ್ಪ ರಿಯಾಯಿತಿ ಉಂಟು. ತುದಿಯನ್ನು ಹೊಟ್ಟೆಯ ಹತ್ತಿಯೊಳಗೆ ಎಳೆದುಬಿಟ್ಟರೆ ಅಲ್ಲಿ ಅದನ್ನು ಎಳೆಯುವವರು ಯಾರೂ ಇಲ್ಲ, ಒಂದು ಒಳ್ಳೆ ಗಂಟು ಸಾಕಾಗುತ್ತೆ.

ನಮ್ಮ ನೆಲದಲ್ಲಿ ಇದು ಹೊಸ ಪಾಠ ಅಲ್ಲ

ಇದೆಲ್ಲ ಇನ್‌ಸ್ಟಾಗ್ರಾಂ ರೀಲ್ಸ್ ನೋಡಿ ಕಲಿಯಬೇಕಾದ ವಿಷಯ ಅಂತ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಕರ್ನಾಟಕದವರಿಗೆ ಆ ಬಡತನ ಇಲ್ಲ. ಧಾರವಾಡ ಸೀಮೆಯ ಕಸೂತಿಯನ್ನೇ ತಗೊಳ್ಳಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಕೊಂಡು ಹಾಕುವ ಕೆಲಸ. ಗಂಟು ಹಾಕುವಂತಿಲ್ಲ. ಗಾವಂತಿ, ಮುರ್ಗಿ ಹೊಲಿಗೆಗಳಲ್ಲಿ ಮುಂಭಾಗ ಹೇಗೋ ಹಿಂಭಾಗವೂ ಹಾಗೇ ಕಾಣಬೇಕು. ಅಂದರೆ ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸದೆ ಬೇರೆ ದಾರಿಯೇ ಇಲ್ಲ. ಹಿಂಭಾಗ ಅನ್ನೋದನ್ನೇ ಒಪ್ಪದ ಕಲೆ ಅದು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡೂ ಸೇರುವ ಕಡೆ ಒಂದೊಂದು ಎಳೆಯನ್ನೂ ಕುಣಿಕೆ ಹಾಕಿ ಕೊಂಡಿಯಂತೆ ಸೇರಿಸುತ್ತಾರೆ, ತೋಪು ತೆನೆ ಸೆರಗಿನ ಗುಟ್ಟು ಅದೇ. ಸೀರೆ ಉಟ್ಟವರಿಗೆ ಕಾಣೋದು ಬಣ್ಣ. ಸೀರೆ ಹರಿಯದೆ ಇರೋದು ಆ ಕೊಂಡಿಗಳಿಂದ.

ಅಷ್ಟು ದೂರ ಯಾಕೆ, ನಮ್ಮ ಏರಿಯಾಗೇ ಬನ್ನಿ. ನಾನಿರೋದು ಜೀವನ್ ಬಿಮಾ ನಗರದಲ್ಲಿ. ಎಲ್‌ಐಸಿ ಬಡಾವಣೆಯಾಗಿ ಹುಟ್ಟಿ ವಿಮೆಯ ಹೆಸರನ್ನೇ ಉಳಿಸಿಕೊಂಡ ಊರು ಇದು. ಇಲ್ಲಿಂದ ತಿಪ್ಪಸಂದ್ರ ಮಾರ್ಕೆಟ್ ಕಡೆಗೆ ನಡೆದುಕೊಂಡು ಹೋದರೆ ಅಡ್ಡರಸ್ತೆಗಳಲ್ಲಿ, ಟೈಲರ್ ಅಂಗಡಿ ಬಾಗಿಲಲ್ಲಿ, ಮನೆ ಗೇಟಿನಲ್ಲಿ ಬೋರ್ಡು ಕಾಣುತ್ತವೆ: ಫಾಲ್, ಜಿಗ್‌ಜಾಗ್, ಕುಚ್ಚು. ಈ ಕುಚ್ಚು ಏನು ಅಂತ ಯೋಚಿಸಿದ್ದೀರಾ? ಮಗ್ಗದಿಂದ ಕತ್ತರಿಸಿದ ಸೀರೆಯ ಸೆರಗಿನ ತುದಿಯಲ್ಲಿ ಹಾಸಿನ ಎಳೆಗಳು ಬಿಡಿಬಿಡಿಯಾಗಿ ಜೋತು ಬಿದ್ದಿರುತ್ತವೆ. ಹಾಗೇ ಬಿಟ್ಟರೆ ಹೊಕ್ಕು ಜಾರಿ ಸೆರಗು ಬಿಚ್ಚುತ್ತಾ ಹೋಗುತ್ತದೆ. ಆ ಎಳೆಗಳನ್ನು ಗುಂಪು ಗುಂಪಾಗಿ ಹಿಡಿದು ಕಟ್ಟಿದ್ದೇ ಕುಚ್ಚು. ಅಲಂಕಾರ ಆಮೇಲೆ ಬಂತು, ಮೊದಲು ಬಂದದ್ದು ಭದ್ರತೆ. ಈಗ ಅದರ ಮೇಲೆ ಕ್ರೋಶಾ ಕಡ್ಡಿಯಲ್ಲಿ ರೇಷ್ಮೆ ಹೊಳಪಿನ ದಾರ, ಮಣಿ ಸೇರಿಸಿ ಹಾಕುವ ಕ್ರೋಶಾ ಕುಚ್ಚು ಮದುವೆ ಸೀರೆಗೆ ಬೇಕೇ ಬೇಕು.

ನಮ್ಮ ಬೀದಿಯಲ್ಲಿ ಕುಚ್ಚು ಹಾಕುವ ಒಬ್ಬರು ಆಂಟಿ ಇದ್ದಾರೆ. ಅಡುಗೆ, ಮಕ್ಕಳ ಸ್ಕೂಲು ಎಲ್ಲ ಮುಗಿಸಿ ಮಧ್ಯಾಹ್ನ ಹನ್ನೊಂದರಿಂದ ಮೂರರವರೆಗೆ ಕಿಟಕಿ ಬೆಳಕಲ್ಲಿ ಕೂರುತ್ತಾರೆ. "ಹೂವು ಹಾಕೋದು ಬೇಗ ಆಗತ್ತೆ ಕಣಪ್ಪ, ತುದಿ ಒಳಗೆ ಸೇರಿಸೋದೇ ಕೈ ಹಿಡಿಯೋದು. ಕಸ್ಟಮರ್‌ಗೆ ಅದು ಕಾಣಲ್ಲ, ರೇಟ್ ಮಾತ್ರ ಜಾಸ್ತಿ ಕಾಣತ್ತೆ" ಅಂದರು. ಇಡೀ ವಿಷಯ ಆ ಒಂದು ಮಾತಲ್ಲಿದೆ.

ಕಾಣದ ಕೆಲಸದ ಲೆಕ್ಕ

ಒಂದು ಸಣ್ಣ ಲೆಕ್ಕ ಮಾಡೋಣ. ಗ್ರಾನಿ ಸ್ಕ್ವೇರ್ ಅಂತಾರಲ್ಲ, ಆ ಚೌಕಗಳನ್ನು ಸೇರಿಸಿ ಒಂದು ಹೊದಿಕೆ. ಉದ್ದಕ್ಕೆ 8, ಅಗಲಕ್ಕೆ 6, ಒಟ್ಟು 48 ಚೌಕ. ಪ್ರತಿ ಚೌಕಕ್ಕೆ 4 ಬಣ್ಣ, ಪ್ರತಿ ಬಣ್ಣಕ್ಕೆ ಶುರುವಿನದೊಂದು, ಕೊನೆಯದೊಂದು ತುದಿ. ಚೌಕಕ್ಕೆ 8, ಹೊದಿಕೆಗೆ 384 ತುದಿ. ಒಂದಕ್ಕೆ ಎರಡೇ ನಿಮಿಷ ಹಿಡಿದರೂ 768 ನಿಮಿಷ, ಹೆಚ್ಚು ಕಡಿಮೆ 13 ಗಂಟೆ. ಚೌಕಗಳನ್ನು ಸೇರಿಸುವ ದಾರದ ತುದಿಗಳು ಇದರಲ್ಲಿ ಇಲ್ಲ. ಈ 13 ಗಂಟೆಗೆ ಬಿಲ್ಲಿನಲ್ಲಿ ಜಾಗ ಎಲ್ಲಿದೆ? ನಮ್ಮ ಸ್ಟಾಲಿನವರು ಬೆಲೆ ಹಾಕುವಾಗ ದಾರದ ದುಡ್ಡು ಸೇರಿಸ್ತಾರೆ, ಹೆಚ್ಚೆಂದರೆ ಹೆಣೆದ ಗಂಟೆ ಸೇರಿಸ್ತಾರೆ. ತುದಿ ಮುಗಿಸುವ ಗಂಟೆ ಯಾರ ಖಾತೆಗೂ ಬೀಳಲ್ಲ. ದುಡ್ಡು ಸಿಗದ ಕೆಲಸವನ್ನು ಯಾರು ಮಾಡ್ತಾರೆ? ಅದಕ್ಕೇ ಗಂಟು, ಕತ್ತರಿ, ಫೆವಿಕ್ವಿಕ್.

ಇದು ನಮ್ಮ ಫೆಸ್ಟಿನ ಪುಟ್ಟ ಸಮಸ್ಯೆ ಅನ್ನಿಸಬಹುದು. ಆದರೆ ಇದೇ ಕಥೆ ದೊಡ್ಡದಾಗಿ ಪಕ್ಕದ ರಾಜ್ಯದಲ್ಲಿ ನಡೆದಿದೆ. ಆಂಧ್ರದ ನರಸಾಪುರದ ಕ್ರೋಶಾ ಲೇಸ್ 19ನೇ ಶತಮಾನದಲ್ಲಿ ಮಿಷನರಿಗಳಿಂದ ಬಂದು ವಿದೇಶಕ್ಕೆ ರಫ್ತಾಗುವ ಉದ್ಯಮವಾಗಿ ಬೆಳೆಯಿತು. ಅಲ್ಲಿನ ಹೆಂಗಸರ ಬಗ್ಗೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮನೆಯಲ್ಲಿ ಕೂತು ಮಾಡುವ ಹೆಂಗಸರ ಈ ದುಡಿಮೆಯನ್ನು 'ಬಿಡುವಿನ ವೇಳೆಯ ಕೆಲಸ' ಅಂತ ಕರೆದು ಅದಕ್ಕೆ ಪುಡಿಗಾಸು ಕೊಡಲಾಗುತ್ತಿತ್ತು ಅನ್ನೋದು ಅವರ ವಾದದ ತಿರುಳು. ಆ ಲೇಸಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಸಂತೋಷ. ಆದರೆ 'ಟೈಮ್‌ಪಾಸ್‌ಗೆ ಮಾಡ್ತಾರೆ' ಅನ್ನೋ ಮಾತು ಜೀವನ್ ಬಿಮಾ ನಗರದ ಬೀದಿಯಲ್ಲಿ ಇವತ್ತಿಗೂ ಕೇಳುತ್ತದೆ.

ಇನ್ನೊಂದು ಮಾತು ಎಂಜಿನಿಯರಿಂಗ್ ಓದುವವರಿಗೆ ಗೊತ್ತಿರಬೇಕು. ಹೆಣಿಗೆಗೆ ಯಂತ್ರ ಬಂದದ್ದು 1589ರಲ್ಲಿ, ಇಂಗ್ಲೆಂಡಿನ ವಿಲಿಯಂ ಲೀ ಮಾಡಿದ ಕಾಲುಚೀಲದ ಯಂತ್ರ. ಕ್ರೋಶಾಗೆ ಕಾರ್ಖಾನೆ ಮಟ್ಟದ ಯಂತ್ರ ಇನ್ನೂ ಬಂದಿಲ್ಲ. 'ಕ್ರೋಶಾ ಮೆಷಿನ್' ಅಂತ ಮಾರುವುದು ನಿಜಕ್ಕೂ ಬೇರೆ ಬಗೆಯ ಹೆಣಿಗೆ ಯಂತ್ರ. ಅಂದರೆ ಮಾಲ್‌ನಲ್ಲಿ ಅಗ್ಗಕ್ಕೆ ನೇತುಹಾಕಿರುವ ಅಸಲಿ ಕ್ರೋಶಾ ಟಾಪ್ ನೋಡಿದಿರಿ ಅನ್ನಿ, ಅದರ ಪ್ರತಿ ಕುಣಿಕೆಯೂ ಯಾರದೋ ಕೈಯದ್ದು. ಬೆಲೆ ಅಷ್ಟು ಕಡಿಮೆ ಇದ್ದರೆ ಆ ಕೈಗೆ ಎಷ್ಟು ಸೇರಿದೆ ಅಂತ ನೀವೇ ಊಹಿಸಿ.

ಎದುರು ವಾದಗಳು

"ಟ್ರೆಂಡ್ ಆರು ತಿಂಗಳು ಇರತ್ತೆ, ಅಷ್ಟಕ್ಕೆ ಇಷ್ಟೆಲ್ಲ ಯಾಕೆ?" ಅನ್ನುವವರಿದ್ದಾರೆ. ಆರು ತಿಂಗಳಿಗೆ ಎಸೆಯುವುದಾದರೆ ಕೈಯಲ್ಲಿ ಮಾಡಿದ್ದೇ ಯಾಕೆ? ಪ್ಲಾಸ್ಟಿಕ್ ಕೀಚೈನು ಸಾಕಿತ್ತಲ್ಲ. ಅಜ್ಜಿ ಹಾಕಿದ ತೋರಣ ಮೂವತ್ತು ದೀಪಾವಳಿ ದಾಟಿ ಬಾಗಿಲಲ್ಲಿ ನಿಂತಿದ್ದರೆ, ಅದಕ್ಕೆ ಅವರು ತುದಿ ಮುಗಿಸಿದ್ದೂ ಕಾರಣ.

"ಹೊಸ ದಾರ ಸೇರಿಸುವಾಗಲೇ ತುದಿಯ ಮೇಲೆ ಹೆಣೆದುಕೊಂಡು ಹೋದರೆ ಸೂಜಿಯೇ ಬೇಡ" ಅನ್ನೋದು ಇನ್ನೊಂದು ವಾದ. ಅರ್ಧ ಒಪ್ಪುತ್ತೇನೆ. ಒತ್ತಾದ ಹೊಲಿಗೆಯಲ್ಲಿ, ಉಣ್ಣೆಯಲ್ಲಿ ಅದು ಚೆನ್ನಾಗಿ ನಡೆಯುತ್ತೆ, ಟೈಮೂ ಉಳಿಯುತ್ತೆ. ಆದರೆ ತುದಿ ಒಂದೇ ದಿಕ್ಕಿಗೆ ಹೋಗಿರುತ್ತೆ. ಜಾರುವ ದಾರವಾದರೆ ಕೊನೆಗೆ ಸೂಜಿಯಲ್ಲಿ ಒಂದು ಸಲವಾದರೂ ವಾಪಸ್ ತಿರುಗಿಸಲೇಬೇಕು. ಜಾಲರಿಯಂಥ ಕೆಲಸದಲ್ಲಂತೂ ತುದಿ ಅಡಗೋಕೆ ಜಾಗವೇ ಇರಲ್ಲ.

"ಹಿಂಭಾಗ ಯಾರು ನೋಡ್ತಾರೆ?" ಅನ್ನೋದು ಮೂರನೆಯದು. ಇದಕ್ಕೆ ನನ್ನ ಉತ್ತರ ಸ್ವಲ್ಪ ಖಾರವಾಗಿಯೇ ಇದೆ. ಹಿಂಭಾಗ ನೋಡುವವರು ಕೂಸುಗಳು. ಕ್ರೋಶಾ ಕಾಲುಚೀಲ, ಕೈಚೀಲ, ಟೋಪಿ, ಹೊದಿಕೆ ಅತಿ ಹೆಚ್ಚು ಉಡುಗೊರೆಯಾಗಿ ಹೋಗೋದು ಬಾಣಂತಿ ಮನೆಗೆ. ಒಳಗೆ ಸಡಿಲ ಎಳೆಯೊಂದು ಇದ್ದರೆ ಅದು ಕೂಸಿನ ಕಾಲ್ಬೆರಳಿಗೋ ಕೈಬೆರಳಿಗೋ ಸುತ್ತಿಕೊಂಡು ರಕ್ತ ಸಂಚಾರವನ್ನೇ ನಿಲ್ಲಿಸಬಹುದು. ಕೂದಲಿನಿಂದಲೂ ದಾರದಿಂದಲೂ ಹೀಗಾಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ತುರ್ತು ಸಮಸ್ಯೆ. ಕೂಸು ಅಳುತ್ತೆ, ಕಾರಣ ಕಾಲುಚೀಲದೊಳಗೆ ಇರುತ್ತೆ, ಯಾರೂ ತೆಗೆದು ನೋಡಲ್ಲ. ಹಾಗಾಗಿ ಮಕ್ಕಳಿಗೆ ಮಾಡುವ ವಸ್ತುವಿನಲ್ಲಿ ತುದಿ ಮುಗಿಸದಿರೋದು ಸೋಮಾರಿತನ ಅಲ್ಲ, ಅಪಾಯ. ಗಿಫ್ಟ್ ಬಂದ ಕಾಲುಚೀಲವನ್ನು ತೊಡಿಸುವ ಮುಂಚೆ ಒಳಮೈ ಹೊರಗೆ ಮಾಡಿ ನೋಡಿ ಅಂತ ಮನೆಯಲ್ಲಿ ಅಕ್ಕನಿಗೋ ಅತ್ತಿಗೆಗೋ ಇವತ್ತೇ ಹೇಳಿ.

ಮುಂದಿನ ಫೆಸ್ಟಿಗೆ ಏನು ಮಾಡೋಣ?

ಬರೀ ದೂರು ಹೇಳಿ ಮುಗಿಸೋದು ಸರಿಯಲ್ಲ. ಮುಂದಿನ ರಾಜ್ಯೋತ್ಸವದ ಸ್ಟಾಲುಗಳಿಗೆ ನಮ್ಮ ಸಂಘವೇ ಕೆಲವು ಸರಳ ನಿಯಮ ಮಾಡಬಹುದು. ಒಂದು, ಪ್ರತಿ ಸ್ಟಾಲಿನಲ್ಲಿ ಕೆಲವು ವಸ್ತುಗಳನ್ನು ಹಿಂಭಾಗ ಮೇಲೆ ಮಾಡಿ ಇಡಲಿ. ಎರಡು, ಚೀಟಿಯಲ್ಲಿ ದಾರ ಯಾವುದು, ಹೇಗೆ ಒಗೆಯಬೇಕು ಅನ್ನೋದರ ಜೊತೆಗೆ 'ತುದಿ ಮುಗಿಸಲು ಇಷ್ಟು ಗಂಟೆ' ಅಂತಲೂ ಬರೆಯಲಿ. ಬೆಲೆ ಯಾಕೆ ಅಷ್ಟು ಅಂತ ಆಗ ಯಾರೂ ಕೇಳಲ್ಲ. ಮೂರು, ಪ್ರತಿ ವಸ್ತುವಿನ ಜೊತೆ ಅದೇ ದಾರದ ಒಂದು ಮೀಟರ್ ಕೊಡಲಿ, ಮುಂದೆ ಎಲ್ಲಾದರೂ ಬಿಚ್ಚಿದರೆ ರಿಪೇರಿಗೆ ಆಗುತ್ತೆ. ನಾಲ್ಕು, ಕಲಿಸುವ ವರ್ಕ್‌ಶಾಪಿನಲ್ಲಿ ಮೊದಲ ದಿನವೇ ಸೂಜಿ ಹಿಡಿಸಲಿ. ಈಗ ಎರಡು ಗಂಟೆ ಚೈನ್, ಸ್ಟಿಚ್ ಹೇಳಿಕೊಟ್ಟು 'ತುದಿ ಮನೇಲಿ ಮಾಡ್ಕೊಳ್ಳಿ' ಅಂತ ಕಳಿಸ್ತಾರೆ. ಮನೇಲಿ ಯಾರು ಮಾಡ್ಕೊಳ್ತಾರೆ?

ಆ ವರ್ಕ್‌ಶಾಪಿಗೆ ಯೂಟ್ಯೂಬರ್ ಬದಲು ಕುಚ್ಚು ಹಾಕುವ ಒಬ್ಬ ಆಂಟಿಯನ್ನು ಕರೆಯೋಣ, ಗೆಸ್ಟ್ ಲೆಕ್ಚರ್‌ಗೆ ಕೊಡುವ ಗೌರವಧನವನ್ನೇ ಕೊಟ್ಟು. ಬರೀ ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಕಳಿಸೋದು ಬೇಡ.

ಕ್ರೋಶಾದಿಂದ ಗಣಿತವೂ ಆಗಿದೆ ಅನ್ನೋದನ್ನು ನೆನಪಿಸಿಬಿಡುತ್ತೇನೆ. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡೈನಾ ಟೈಮಿನಾ ಹೈಪರ್‌ಬೋಲಿಕ್ ಸಮತಲವನ್ನು ಕ್ರೋಶಾದಲ್ಲಿ ಹೆಣೆದು ತೋರಿಸಿದರು. ಕಾಗದದ ಮಾದರಿಗಳು ಹರಿದು ಹೋಗುತ್ತಿದ್ದವು, ದಾರದ್ದು ಕೈಯಿಂದ ಕೈಗೆ ದಾಟಿದರೂ ಉಳಿಯಿತು. ಪಾಠಕ್ಕೆ ಬೇಕಾಗಿದ್ದೂ ಬಾಳಿಕೆಯೇ.

ಲ್ಯಾಬಿನಲ್ಲಿ ನಮಗೆ ಇದೇ ಅನುಭವ. ಡೆಮೋ ದಿನ ಸರ್ಕ್ಯೂಟ್ ಕೈ ಕೊಡೋದು ಡಿಸೈನ್ ತಪ್ಪಿಗಿಂತ ಹೆಚ್ಚಾಗಿ ಸಡಿಲವಾದ ಒಂದು ಜಂಪರ್ ವೈರಿನಿಂದ. ಚಾರ್ಜರ್ ವೈರು ಹಾಳಾಗೋದು ನಡುವೆ ಅಲ್ಲ, ಪ್ಲಗ್ಗಿಗೆ ಸೇರುವ ತುದಿಯಲ್ಲಿ. ತುದಿ ನೋಡಿಕೊಳ್ಳುವವನೇ ಕೆಲಸ ಬಲ್ಲವನು ಅನ್ನೋದು ದಾರಕ್ಕೂ ತಂತಿಗೂ ಒಂದೇ.

ನೀವು ಮುಂದಿನ ಸಲ ಸ್ಟಾಲಿಗೆ ಹೋದಾಗ ಚೌಕಾಸಿ ಮಾಡುವ ಮುಂಚೆ ವಸ್ತುವನ್ನು ತಿರುಗಿಸಿ. ತುದಿ ಹುಡುಕಿ. ಹುಡುಕಿದರೂ ಸಿಗದಿದ್ದರೆ, ಕೇಳಿದಷ್ಟು ಕೊಟ್ಟು ತಗೊಳ್ಳಿ.